ಹೊಟ್ಟೆ, ಎದೆ, ಕಿವಿ ಆಪರೇಷನ್ನಿಗೆ ಊರು ಬಿಟ್ಟು ಹೋಗುವವರಿಗೆ

ಪ್ಲಾಸ್ಟಿಕ್ ಸರ್ಜರಿ ಅಂದರೆ ನಮ್ಮ ಕಡೆ ಇವತ್ತಿಗೂ ಸಿನಿಮಾದವರ ಕೆಲಸ. ನನಗೆ ಬರುವ ಫೋನುಗಳನ್ನು ಕೇಳಿದರೆ ಮಾತ್ರ ಬೇರೆ ಲೆಕ್ಕ ಸಿಗುತ್ತದೆ. ಮಸ್ಕಿಯ ಒಬ್ಬ ಟೀಚರ್‌ಗೆ ಎರಡು ಸಿಸೇರಿಯನ್ ಆದ ಮೇಲೆ ಹೊಟ್ಟೆ ಜೋತುಬಿದ್ದಿದೆ. ಗಂಗಾವತಿಯ ಒಬ್ಬ ತಾಯಿಗೆ ಮಗನ ಎದೆಯದೇ ಚಿಂತೆ, ಹುಡುಗ ಅಂಗಿ ಬಿಚ್ಚುವುದೇ ಇಲ್ಲವಂತೆ. ಜವಳಗೇರಾದ ಅಜ್ಜಿಗೆ ಬೆಂಡೋಲೆಯ ಭಾರಕ್ಕೆ ಕಿವಿ ಹರಿದು ಎರಡು ಹೋಳಾಗಿದೆ. ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಸಿಂಧನೂರಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಹೈದರಾಬಾದಿಗೆ ಹೋಗಿ ಹೊಟ್ಟೆ ಸರಿ ಮಾಡಿಸಿಕೊಂಡು ಬಂದೆ, ಯಾರ ಹತ್ತಿರವೂ ಮುಚ್ಚಿಡಲಿಲ್ಲ. ಅದಕ್ಕೇ ಈ ಫೋನುಗಳು.

ಎಲ್ಲರೂ ಮೊದಲು ಕೇಳುವುದು "ಅಕ್ಕಾ, ಯಾವ ಡಾಕ್ಟರ್ ಚಲೋ ಅದಾರ?" ಅಂತ. ನಾನು ಹೆಸರು ಕೊಡುವುದಿಲ್ಲ. ಹೊಟ್ಟೆ ಚೆನ್ನಾಗಿ ಮಾಡುವವರು ಮೂಗನ್ನೂ ಅಷ್ಟೇ ಚೆನ್ನಾಗಿ ಮಾಡುತ್ತಾರೆ ಅನ್ನುವ ಗ್ಯಾರಂಟಿ ಏನೂ ಇಲ್ಲ. ನಾನು ಹೇಳುವುದು ಒಂದೇ ಮಾತು. ದೂರದ ಊರಿನವರು ಡಾಕ್ಟರನ್ನು ಆರಿಸುವಾಗ ಆಪರೇಷನ್ ಆಗುವ ಮೂರು ನಾಲ್ಕು ತಾಸಿಗಿಂತ ಅದರ ಮುಂದಿನ ಒಂದೂವರೆ ತಿಂಗಳನ್ನು ನೋಡಿ ಆರಿಸಬೇಕು. ಪಟ್ಟಣದವರಿಗೆ ಹೊಲಿಗೆ ಕೆಂಪಾದರೆ ಆಟೋ ಹತ್ತಿ ಆಸ್ಪತ್ರೆಗೆ ಹೋಗಿ ಬರಬಹುದು. ನಮಗೆ ಸಿಂಧನೂರಿನಿಂದ ರಾಯಚೂರಿಗೇ ಎರಡು ತಾಸು ಬೇಕು. ಅಲ್ಲಿಂದ ಹೈದರಾಬಾದಿಗೆ ಇನ್ನೂ ನಾಲ್ಕೈದು ತಾಸು. ರಾತ್ರಿ ಹತ್ತು ಗಂಟೆಗೆ ಜ್ವರ ಬಂದರೆ ಏನು ಮಾಡ್ತೀರಿ? ಇದಕ್ಕೆ ಉತ್ತರ ಇಟ್ಟುಕೊಂಡಿರುವ ಡಾಕ್ಟರ್ ಬೇಕು ನಮಗೆ.

ಮೊದಲು ಇದು ಕಾಸ್ಮೆಟಿಕ್ಕೋ ಅಲ್ಲವೋ ನೋಡಿ

ಎಷ್ಟೋ ಜನ ಇದನ್ನು ಕೇಳಿಕೊಳ್ಳುವುದೇ ಇಲ್ಲ. ಸ್ಟೋವ್ ಸಿಡಿದು ಸುಟ್ಟು ಕುತ್ತಿಗೆ ಎಳೆದುಕೊಂಡಿದೆ, ಮಗುವಿಗೆ ಹುಟ್ಟಿನಿಂದ ಸೀಳುತುಟಿ ಇದೆ, ಬೈಕ್ ಬಿದ್ದು ಮುಖ ಹರಿದಿದೆ. ಇವೆಲ್ಲ ಚಂದಕ್ಕೆ ಮಾಡಿಸುವ ಆಪರೇಷನ್ ಅಲ್ಲ. ಇಂಥವಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ದಾರಿ ಇದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ರಾಯಚೂರು ರಿಮ್ಸ್, ಕೊಪ್ಪಳ ಕಿಮ್ಸ್, ಬಳ್ಳಾರಿಯಲ್ಲಿ ಎಲ್ಲರೂ ಇನ್ನೂ ವಿಮ್ಸ್ ಅಂತಲೇ ಕರೆಯುವ ಆಸ್ಪತ್ರೆ, ನಿಮಗೆ ಹತ್ತಿರ ಯಾವುದೋ ಅಲ್ಲಿಗೆ ಮೊದಲು ಹೋಗಿ ತೋರಿಸಿ. ಅಲ್ಲಿ ಆಗದಿದ್ದರೆ ರೆಫರಲ್ ಬರೆಸಿಕೊಂಡು ಹುಬ್ಬಳ್ಳಿಗೋ ಬೆಂಗಳೂರಿನ ವಿಕ್ಟೋರಿಯಾಕ್ಕೋ ಹೋಗಬಹುದು. ಇಂಥ ಕೆಲಸಕ್ಕೆ ಹೊಲ ಅಡವಿಟ್ಟು ಖಾಸಗಿ ಕ್ಲಿನಿಕ್ಕಿಗೆ ಹೋಗಬೇಕಾಗಿಲ್ಲ.

ಖಾಸಗಿ ಇನ್ಶೂರೆನ್ಸಿನಲ್ಲೂ ಇದೇ ಗೆರೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಸರಿಮಾಡುವ ಸರ್ಜರಿಗೆ ದುಡ್ಡು ಬರಬಹುದು. ಬರೀ ಚಂದಕ್ಕೆ ಮಾಡಿಸಿದರೆ ಬರುವುದಿಲ್ಲ. ಕೆಲವು ಕಡೆ "ಹರ್ನಿಯಾ ಅಂತ ಬರೆದುಕೊಡ್ತೀವಿ, ಕ್ಲೇಮ್ ಮಾಡ್ಕೊಳ್ಳಿ" ಅನ್ನುತ್ತಾರೆ. ಒಪ್ಪಬೇಡಿ. ಸುಳ್ಳು ಅಂತ ಗೊತ್ತಾದರೆ ಕಂಪನಿ ಕ್ಲೇಮನ್ನೂ ತಳ್ಳುತ್ತದೆ, ಪಾಲಿಸಿಯನ್ನೂ ನಿಲ್ಲಿಸಬಹುದು. ಅದಕ್ಕಿಂತ ಹೆಚ್ಚಾಗಿ, ನಿಮ್ಮ ದಾಖಲೆಯಲ್ಲೇ ಸುಳ್ಳು ಬರೆಯಲು ತಯಾರಿರುವವರು ನಾಳೆ ಗಾಯ ಕೆಟ್ಟಾಗ ಏನು ಬರೆಯುತ್ತಾರೋ!

ಬೋರ್ಡಿನ ಮೇಲಿನ ಅಕ್ಷರಗಳು

ಬೀಜದ ಪ್ಯಾಕೆಟ್ ತಂದರೆ ಹಿಂದೆ ಮುಂದೆ ತಿರುಗಿಸಿ ಕಂಪನಿ, ಲಾಟ್ ನಂಬರ್, ತಾರೀಖು ಎಲ್ಲ ಓದುವ ಜನ ನಾವು. ಡಾಕ್ಟರ್ ಬೋರ್ಡನ್ನು ಮಾತ್ರ ಓದುವುದಿಲ್ಲ.

ಪ್ಲಾಸ್ಟಿಕ್ ಸರ್ಜನ್ ಆಗಲು ಸಾಮಾನ್ಯವಾಗಿ ಇರುವ ದಾರಿ ಇದು: ಎಂಬಿಬಿಎಸ್ ಐದೂವರೆ ವರ್ಷ, ಅದರ ಮೇಲೆ ಜನರಲ್ ಸರ್ಜರಿಯಲ್ಲಿ ಎಂಎಸ್ ಮೂರು ವರ್ಷ, ಅದರ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಇನ್ನೂ ಮೂರು ವರ್ಷ. ಎಂಸಿಎಚ್ ಬದಲು ಡಿಎನ್‌ಬಿ ಅಂತಲೋ ಡಿಆರ್‌ಎನ್‌ಬಿ ಅಂತಲೋ ಇದ್ದರೂ ಸರಿ, ಮುಂದೆ ಪ್ಲಾಸ್ಟಿಕ್ ಸರ್ಜರಿ ಅಂತ ಇರಬೇಕು. ಬೋರ್ಡಿನಲ್ಲಿ "ಕಾಸ್ಮೆಟಿಕ್ ಸರ್ಜನ್" ಅಂತ ದೊಡ್ಡದಾಗಿ ಬರೆದು ಕೆಳಗೆ ಫೆಲೋಶಿಪ್, ಡಿಪ್ಲೊಮಾ ಅಂತ ಐದಾರು ಹೆಸರು ಪೋಣಿಸಿದ್ದರೆ, ಆ ಕೋರ್ಸು ಎಷ್ಟು ದಿನದ್ದು ಅಂತ ಕೇಳಿ. ವಾರಾಂತ್ಯದಲ್ಲಿ ಮುಗಿಯುವ ಕೋರ್ಸುಗಳೂ ಇವೆ.

ಹಾಗಂತ ಉಳಿದವರೆಲ್ಲ ಮೋಸಗಾರರು ಅಂತಲ್ಲ. ಮೂಗಿನ ಕೆಲಸ ಇಎನ್‌ಟಿಯವರೂ ಮಾಡುತ್ತಾರೆ. ದವಡೆಯ ಕೆಲಸಕ್ಕೆ ಮ್ಯಾಕ್ಸಿಲೋಫೇಶಿಯಲ್ ಸರ್ಜನ್ ಇದ್ದಾರೆ. ಲೇಸರ್, ಬೋಟಾಕ್ಸ್, ಕೂದಲು ನೆಡುವುದು ಚರ್ಮದ ಡಾಕ್ಟರ ಕೆಲಸವೂ ಹೌದು. ಆದರೆ ಚರ್ಮದ ಕ್ಲಿನಿಕ್ಕಿನಲ್ಲಿ ಹೊಟ್ಟೆ ಕೊಯ್ಯುತ್ತೇವೆ ಅಂದರೆ ಎದ್ದು ಬನ್ನಿ.

ಕೂದಲಿನ ಮಾತು ಬಂತಲ್ಲ, ಗಂಡಸರು ಇದನ್ನು ಓದಿ. ಯೂಟ್ಯೂಬ್ ನೋಡಿ, ವರ್ಕ್‌ಶಾಪಿನಲ್ಲಿ ಕೂತು ಕಲಿತದ್ದು ಕೂದಲು ನೆಡುವುದಕ್ಕೆ ಸಾಕಾಗುವ ತರಬೇತಿ ಅಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಬರೆದು ಹೇಳಬೇಕಾಯಿತು. ಡಾಕ್ಟರ್ ಮುಖ ತೋರಿಸಿ ಹೋಗಿ, ಇಡೀ ದಿನ ತಲೆಯ ಮೇಲೆ ಟೆಕ್ನಿಷಿಯನ್ ಹುಡುಗರೇ ಕೈ ಆಡಿಸುವ ಕ್ಲಿನಿಕ್ಕುಗಳು ಜಾಸ್ತಿ. "ಕೊಯ್ಯುವವರು ಯಾರು, ನೆಡುವವರು ಯಾರು, ಡಾಕ್ಟರ್ ಎಷ್ಟು ಹೊತ್ತು ರೂಮಲ್ಲಿ ಇರ್ತಾರೆ?" ಅಂತ ಮುಂಚೆಯೇ ಕೇಳಿ.

ಇನ್ನು ರಿಜಿಸ್ಟ್ರೇಷನ್ ನಂಬರ್. ಚೀಟಿಯ ಮೇಲೆ ಡಾಕ್ಟರ್ ಹೆಸರಿನ ಕೆಳಗೆ ಅದು ಇರಲೇಬೇಕು. ಬೆಂಗಳೂರು, ಹುಬ್ಬಳ್ಳಿಯವರದಾದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಡಬಹುದು. ನಮ್ಮ ಜಿಲ್ಲೆಯವರು ಹೆಚ್ಚಾಗಿ ಹೋಗುವುದು ಹೈದರಾಬಾದಿಗೆ. ಅಲ್ಲಿನವರು ತೆಲಂಗಾಣ ಕೌನ್ಸಿಲ್‌ನಲ್ಲಿರುತ್ತಾರೆ. ಕರ್ನಾಟಕದ ಪಟ್ಟಿಯಲ್ಲಿ ಹುಡುಕಿ ಸಿಗಲಿಲ್ಲ ಅಂತ ಗಾಬರಿ ಬೀಳಬೇಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿರುವ ಇಂಡಿಯನ್ ಮೆಡಿಕಲ್ ರಿಜಿಸ್ಟರ್‌ನಲ್ಲಿ ಎಲ್ಲ ರಾಜ್ಯದವರನ್ನೂ ಹುಡುಕಬಹುದು. ಅಲ್ಲಿ ಎಂಬಿಬಿಎಸ್ ಮಾತ್ರ ಕಂಡರೆ, ಎಂಸಿಎಚ್ ಸರ್ಟಿಫಿಕೇಟ್ ತೋರಿಸಿ ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಡಾಕ್ಟರು ನಮಗೆ ಬೇಡವೇ ಬೇಡ.

ಓಪಿಡಿ ರೂಮಿನೊಳಗೆ

ನಾನು ಆಪರೇಷನ್ ಮಾಡಿಸುವ ಮುಂಚೆ ಬೇರೆ ಬೇರೆ ಡಾಕ್ಟರರನ್ನು ನೋಡಿದೆ. ಕನ್ಸಲ್ಟೇಷನ್ ಫೀಸು ದಂಡ ಅಂತ ನಮ್ಮ ಮನೆಯವರು ಗೊಣಗಿದರು. ಆ ದುಡ್ಡೇ ನನ್ನನ್ನು ಉಳಿಸಿದ್ದು.

ಒಂದು ಕಡೆ ಏಸಿ ಹಾಲ್, ಮೆತ್ತನೆ ಸೋಫಾ. ಕೌನ್ಸೆಲರ್ ಅಂತ ಒಬ್ಬ ಹುಡುಗಿ ಬಂದು ಟ್ಯಾಬ್‌ನಲ್ಲಿ ಫೋಟೋ ತೋರಿಸುತ್ತಾ ಕೂತಳು. ಮೊದಲಿನ ಫೋಟೋದಲ್ಲಿ ಹೆಂಗಸರು ಹೊಟ್ಟೆ ಬಿಟ್ಟು ನಿಂತಿದ್ದಾರೆ, ಮೇಲೆ ಟ್ಯೂಬ್‌ಲೈಟ್. ಆಮೇಲಿನ ಫೋಟೋದಲ್ಲಿ ಉಸಿರು ಎಳೆದುಕೊಂಡು, ಸೊಂಟ ಓರೆ ಮಾಡಿ ನಿಂತಿದ್ದಾರೆ, ಹಳದಿ ಬೆಳಕು. ಗಾಯದ ಗೆರೆ ಕಾಣುವ ಫೋಟೋ ಒಂದೂ ಇಲ್ಲ. ಡಾಕ್ಟರ್ ಬಂದು ಸೀರೆಯ ಮೇಲಿಂದಲೇ ನೋಡಿ "ಲೈಪೋ ಮಾಡಿಬಿಡೋಣ" ಅಂದು ಹೋದರು. ಲೈಪೋ ಅಂದರೆ ಸಣ್ಣ ಪೈಪ್ ತೂರಿಸಿ ಕೊಬ್ಬು ಎಳೆದು ತೆಗೆಯುವುದು. ಇವತ್ತೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ, ಇಎಂಐ ಕೂಡ ಇದೆ ಅಂತ ಹುಡುಗಿ ಅಂದಳು. ಆಪರೇಷನ್ನಿಗೆ ರಿಯಾಯಿತಿ ಅಂದ ಕೂಡಲೇ ನನಗೆ ಆಷಾಢದ ಸೀರೆ ಅಂಗಡಿ ನೆನಪಾಯಿತು. ನಗು ತಡೆದುಕೊಂಡು ಹೊರಗೆ ಬಂದೆ.

ಇನ್ನೊಂದು ಕಡೆ ರೂಮು ಸಣ್ಣದು, ಕುರ್ಚಿ ಹಳೆಯವು. ಡಾಕ್ಟರ್ ನನ್ನನ್ನು ನಿಲ್ಲಿಸಿ, ಕೂರಿಸಿ, ಮಲಗಿಸಿ ನೋಡಿದರು. ಪಕ್ಕದಲ್ಲಿ ನರ್ಸ್ ನಿಂತಿದ್ದರು. ಹೆಂಗಸರನ್ನು ಪರೀಕ್ಷೆ ಮಾಡುವಾಗ ನರ್ಸ್ ಇರಲೇಬೇಕು, ಇಲ್ಲದಿದ್ದರೆ ಕೇಳಿ. ಮಲಗಿದಾಗ "ಕೈ ಊರದೆ ತಲೆ ಮಾತ್ರ ಎತ್ತಿ" ಅಂದರು. ಎತ್ತಿದೆ. ಎದೆಯ ಕೆಳಗಿನಿಂದ ಹೊಕ್ಕಳ ತನಕ ನಡುವೆ ಒಂದು ದಿಣ್ಣೆ ಎದ್ದಿತು. ನನ್ನ ಎರಡು ಬೆರಳನ್ನೇ ಹಿಡಿದು ಆ ದಿಣ್ಣೆಯೊಳಗೆ ಒತ್ತಿಸಿದರು. ಬೆರಳು ಒಳಕ್ಕೆ ಇಳಿದವು. "ಬಸಿರಿನಲ್ಲಿ ಸ್ನಾಯು ಎರಡು ಕಡೆ ಸರಿದಿದೆಯಮ್ಮಾ. ವ್ಯಾಯಾಮದಿಂದ ಸ್ವಲ್ಪ ಬಿಗಿ ಆಗಬಹುದು. ಇಷ್ಟು ಅಂತರ ಪೂರ್ತಿ ಕೂಡುವುದಿಲ್ಲ. ಚರ್ಮವೂ ಜೋತಿದೆ. ಲೈಪೋ ಮಾಡಿದರೆ ಕೊಬ್ಬು ಹೋಗಿ ಚರ್ಮ ಇನ್ನೂ ಜೋಲುತ್ತದೆ" ಅಂದರು. ಆಮೇಲೆ ಪೆನ್ನು ತೆಗೆದು ಗಾಯ ಎಲ್ಲಿ ಬರುತ್ತದೆ ಅಂತ ಗೆರೆ ಎಳೆದು ಕನ್ನಡಿಯ ಮುಂದೆ ನಿಲ್ಲಿಸಿದರು. ಒಂದು ಸೊಂಟದ ಮೂಳೆಯಿಂದ ಇನ್ನೊಂದು ಸೊಂಟದ ಮೂಳೆಯವರೆಗೆ! ಸಿಸೇರಿಯನ್ ಗೆರೆ ಅದರ ಮುಂದೆ ಏನೂ ಅಲ್ಲ. ಹೊಕ್ಕಳನ್ನು ಬಿಡಿಸಿ ಹೊಸ ತೂತಿನಲ್ಲಿ ಹೊಲಿಯಬೇಕು, ಕೆಳಹೊಟ್ಟೆ ತಿಂಗಳುಗಟ್ಟಲೆ ಮರಗಟ್ಟಿರುತ್ತದೆ, ಗೆರೆ ಮಾಸಲು ಒಂದು ವರ್ಷ ಬೇಕು, ಪೂರ್ತಿ ಎಂದೂ ಹೋಗಲ್ಲ. ಇದೆಲ್ಲ ಅವರೇ ಹೇಳಿದ್ದು, ನಾನು ಕೇಳುವ ಮುಂಚೆ.

ಕೊನೆಗೆ "ಈಗ ಬೇಡ" ಅಂದರು. ತೂಕ ಇಳಿಸಿ, ಇಳಿಸಿದ ತೂಕ ಆರು ತಿಂಗಳು ನಿಲ್ಲಬೇಕು, ಇನ್ನೊಂದು ಮಗು ಬೇಕು ಅಂತ ಇದ್ದರೆ ಅದು ಆದ ಮೇಲೆ ಬನ್ನಿ ಅಂದರು. ಅವರ ಹತ್ತಿರವೇ ಮಾಡಿಸಿಕೊಂಡೆ.

ನನ್ನ ಅಕ್ಕನ ಮಗನಿಗೂ ಇದೇ ಆಯಿತು. ಹದಿನಾರರ ಹುಡುಗ, ಎದೆ ಉಬ್ಬಿದೆ ಅಂತ ಕಾಲುವೆಗೆ ಈಜಲು ಹೋಗುವುದನ್ನೇ ಬಿಟ್ಟಿದ್ದ. ಡಾಕ್ಟರ್ ಮುಟ್ಟಿ ನೋಡಿ, ಇದು ಗ್ರಂಥಿ ಎಷ್ಟು, ಬರೀ ಕೊಬ್ಬು ಎಷ್ಟು ಅಂತ ಹೇಳಿದರು. ಜಿಮ್‌ನಲ್ಲಿ ಏನಾದರೂ ಪುಡಿ, ಇಂಜೆಕ್ಷನ್ ತಗೊಳ್ತೀಯಾ ಅಂತ ಅಕ್ಕನನ್ನು ಹೊರಗೆ ಕಳಿಸಿ ಕೇಳಿದರು. ರಕ್ತಪರೀಕ್ಷೆ ಬರೆದರು. ಹರೆಯದಲ್ಲಿ ಹೀಗೆ ಆಗುವುದು ಸಾಮಾನ್ಯ, ಎಷ್ಟೋ ಹುಡುಗರಿಗೆ ಎರಡು ವರ್ಷದೊಳಗೆ ತಾನೇ ಇಳಿಯುತ್ತದೆ, ಕಾಯೋಣ ಅಂದರು. ಆಪರೇಷನ್ ಮಾಡಿದರೆ ಬರುವ ದುಡ್ಡನ್ನು ಬಿಟ್ಟು ಕಾಯಿರಿ ಅನ್ನುವ ಡಾಕ್ಟರ್ ಸಿಕ್ಕರೆ ಅವರ ನಂಬರನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಕೇಳಲೇಬೇಕಾದ ಪ್ರಶ್ನೆಗಳು

ಮಂಪರು ಕೊಡುವವರು ಯಾರು? ಇದನ್ನು ಯಾರೂ ಕೇಳುವುದಿಲ್ಲ. ಓಟಿಯಲ್ಲಿ ನಮ್ಮ ಜೀವ ಕಾಯುವವರು ಅನಸ್ತೇಶಿಯಾ ಡಾಕ್ಟರು. ಅವರು ಅದರಲ್ಲೇ ಓದಿದವರಾ, ಆಪರೇಷನ್ ಮುಗಿಯುವ ತನಕ ಅಲ್ಲೇ ಇರುತ್ತಾರಾ, ಹಿಂದಿನ ದಿನ ಬಂದು ನಮ್ಮನ್ನು ನೋಡುತ್ತಾರಾ ಅಂತ ಕೇಳಿ. ಐಸಿಯು ಅದೇ ಕಟ್ಟಡದಲ್ಲಿದೆಯಾ? 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸುವ ಆಪರೇಷನ್ನಿಗೆ ಹೋಗಿ ತೀರಿಕೊಂಡಳು. ಸುದ್ದಿ ನೋಡಿದವರಿಗೆ ನೆನಪಿರಬಹುದು. ಚಂದಕ್ಕೆ ಮಾಡಿಸುವುದು ಅಂದಮಾತ್ರಕ್ಕೆ ಅದು ಸಣ್ಣ ಆಪರೇಷನ್ ಆಗುವುದಿಲ್ಲ. ಕೊಬ್ಬು ರಕ್ತಕ್ಕೆ ಸೇರಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು. ಕರ್ನಾಟಕದಲ್ಲಾದರೆ ಆಸ್ಪತ್ರೆಯ ಗೋಡೆಯ ಮೇಲೆ ಕೆಪಿಎಂಇ, ಅಂದರೆ ಖಾಸಗಿ ಆಸ್ಪತ್ರೆಗಳ ಕಾಯ್ದೆಯ ನೋಂದಣಿ ಪತ್ರ ತೂಗುಹಾಕಿರಬೇಕು. ಅದನ್ನೂ ಒಮ್ಮೆ ಕಣ್ಣಾಡಿಸಿ.

ಈಗ ನಮಗೆ ಮಾತ್ರ ಬರುವ ಪ್ರಶ್ನೆ. ನಾನು ಊರಿಗೆ ಹೋದ ಮೇಲೆ ತೊಂದರೆ ಆದರೆ ಯಾರು? ಆಸ್ಪತ್ರೆಯ ರಿಸೆಪ್ಷನ್ ನಂಬರ್ ಕೊಟ್ಟರೆ ಒಪ್ಪಬೇಡಿ. ರಾತ್ರಿ ಎತ್ತುವ ನಂಬರ್ ಬೇಕು. ಗಾಯದ ಫೋಟೋ ವಾಟ್ಸಾಪಿನಲ್ಲಿ ಕಳಿಸಿದರೆ ನೋಡುವವರು ಡಾಕ್ಟರೋ ಆಫೀಸಿನ ಹುಡುಗನೋ? ನಮ್ಮ ಊರಿನ ಹತ್ತಿರ ನಿಮಗೆ ಪರಿಚಯದ ಸರ್ಜನ್ ಯಾರಾದರೂ ಇದ್ದಾರಾ? ಅವರಿಗೆ ಒಂದು ಫೋನ್ ಮಾಡಿ ಹೇಳುತ್ತೀರಾ?

ನನಗೆ ಇದು ಕೆಲಸಕ್ಕೆ ಬಂತು. ಗಾಯದೊಳಗಿನ ನೀರು ಹೊರಗೆ ಬರಲು ಇಟ್ಟಿದ್ದ ಡ್ರೈನ್ ಪೈಪ್ ತೆಗೆದು ಊರಿಗೆ ಬಂದ ಮೇಲೆ ಕೆಳಹೊಟ್ಟೆ ಮತ್ತೆ ಉಬ್ಬಿತು. ಅಂಗೈ ಇಟ್ಟು ಒತ್ತಿದರೆ ಒಳಗೆ ನೀರು ಅಲುಗಾಡಿದ ಹಾಗೆ. ವಿಡಿಯೋ ಮಾಡಿ ಕಳಿಸಿದೆ. ಅದು ಒಳಗೆ ಸೋರಿದ ನೀರು ನಿಂತದ್ದು, ಈ ಆಪರೇಷನ್ನಿನಲ್ಲಿ ಆಗುವಂಥದ್ದೇ ಅಂತ ಡಾಕ್ಟರ್ ಹೇಳಿದರು. ರಾಯಚೂರಿನ ಒಬ್ಬ ಸರ್ಜನ್‌ಗೆ ಅವರೇ ಫೋನ್ ಮಾಡಿದರು. ಮರುದಿನ ಮುಂಜಾನೆ ಅವರು ಸೂಜಿ ಹಾಕಿ ನೀರು ಎಳೆದರು. ಅಲ್ಲಿ ಚರ್ಮ ಮರಗಟ್ಟಿದ್ದರಿಂದ ನೋವೇ ಗೊತ್ತಾಗಲಿಲ್ಲ. ಮುಂದಿನ ವಾರ ಇನ್ನೊಮ್ಮೆ ಎಳೆದರು, ಮುಗಿಯಿತು. ಹೈದರಾಬಾದಿಗೆ ಓಡಬೇಕಾಗಲಿಲ್ಲ.

ನಮ್ಮ ಜಿಲ್ಲೆಗಳಿಗೆ ವಿಸಿಟಿಂಗ್ ಡಾಕ್ಟರರು ಬರುತ್ತಾರೆ. ಭಾನುವಾರ ಬಂದು ಓಪಿಡಿ ನೋಡಿ, ಆಪರೇಷನ್ ಮಾಡಿ, ಸಂಜೆಗೆ ಹೊರಡುತ್ತಾರೆ. ಒಳ್ಳೆಯ ಡಾಕ್ಟರರೇ ಇರಬಹುದು. ಆದರೆ ಸೋಮವಾರ ಬೆಳಿಗ್ಗೆ ಡ್ರೆಸಿಂಗ್ ಬಿಚ್ಚಿ ನೋಡುವವರು ಯಾರು ಅಂತ ಕೇಳದೆ ಟೇಬಲ್ ಹತ್ತಬೇಡಿ. ಕಿವಿ ಹೊಲಿಯುವಂಥ ಸಣ್ಣ ಕೆಲಸಕ್ಕೆ ಇದು ನಡೆಯುತ್ತದೆ. ಹೊಟ್ಟೆಗೆ, ಎದೆಗೆ ನಡೆಯುವುದಿಲ್ಲ. ರಾಯಚೂರಿಗೆ ಏಮ್ಸ್ ಬೇಕು ಅಂತ ಜನ 2022ರಲ್ಲಿ ಧರಣಿಗೆ ಕೂತದ್ದು ಸುಮ್ಮನೆ ಅಲ್ಲ.

ದುಡ್ಡಿನ ವಿಷಯ ಬಾಯಿಮಾತಿನಲ್ಲಿ ಬಿಡಬೇಡಿ. "ಪ್ಯಾಕೇಜ್" ಅಂದರೆ ಅದರಲ್ಲಿ ಏನೇನು ಅಂತ ಹಾಳೆಯ ಮೇಲೆ ಬರೆಸಿ: ಸರ್ಜನ್, ಅನಸ್ತೇಶಿಯಾ, ಓಟಿ, ರೂಮು, ಔಷಧಿ, ಬೆಲ್ಟು, ಆಮೇಲಿನ ಡ್ರೆಸಿಂಗ್. ಚಂದಕ್ಕೆ ಮಾಡಿಸುವ ಸರ್ಜರಿಗೆ ಜಿಎಸ್‌ಟಿ ಬೀಳುತ್ತದೆ, ಬೇರೆ ಚಿಕಿತ್ಸೆಯ ಹಾಗೆ ವಿನಾಯಿತಿ ಇಲ್ಲ. ಅದು ಸೇರಿಸಿ ಹೇಳಿದ್ದೋ ಬಿಟ್ಟು ಹೇಳಿದ್ದೋ ಕೇಳಿ. ಮತ್ತೆ ಕತ್ತರಿ ಹಾಕಬೇಕಾಗಿ ಬಂದರೆ ಆ ಖರ್ಚು ಯಾರದು ಅನ್ನುವುದನ್ನೂ ಬರೆಸಿ. ಆಸ್ಪತ್ರೆಯ ಹತ್ತಿರ ರೂಮು ಬಾಡಿಗೆ, ಜೊತೆಗೆ ಬಂದವರ ಊಟ, ವಾಪಸ್ ಕಾರು, ಇವು ಪ್ಯಾಕೇಜಿನಲ್ಲಿ ಬರುವುದಿಲ್ಲ. ನಮ್ಮಂಥವರಿಗೆ ಅದೇ ಒಂದು ದೊಡ್ಡ ಗಂಟು.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಇರುತ್ತದೆ. ಆಪರೇಷನ್ ದಿನ ಬೆಳಿಗ್ಗೆ, ಗೌನು ಹಾಕಿಕೊಂಡು ನಡುಗುತ್ತಾ ಕೂತಾಗ ಕೊಡುತ್ತಾರೆ. ಹಿಂದಿನ ದಿನವೇ ಕೇಳಿ ಇಸಿದುಕೊಂಡು, ಓದಬಲ್ಲವರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಅದರಲ್ಲಿ ನಿಮ್ಮ ಫೋಟೋ ಜಾಹೀರಾತಿಗೆ ಬಳಸಬಹುದು ಅನ್ನುವ ಸಾಲು ಇರಬಹುದು. ಬೇಡವಾದರೆ ಅದನ್ನು ಹೊಡೆದು ಹಾಕಿ ಸಹಿ ಮಾಡಿ. ನಾನು ಹೊಡೆದೆ, ಯಾರೂ ಏನೂ ಅನ್ನಲಿಲ್ಲ.

ಹೋಗುವ ಮುಂಚೆ ಮನೆಯಲ್ಲಿ

ತಂಬಾಕು ಬಿಡಬೇಕು. ಸಿಗರೇಟು ಮಾತ್ರ ಅಲ್ಲ, ಗುಟ್ಕಾ, ಕಡ್ಡಿಪುಡಿ, ಎಲೆಅಡಿಕೆಯ ಜೊತೆ ಹಾಕುವ ಜರ್ದಾ, ಎಲ್ಲವೂ. ನಿಕೋಟಿನ್ ರಕ್ತನಾಳವನ್ನು ಸಣ್ಣ ಮಾಡುತ್ತದೆ. ಎಳೆದು ಹೊಲಿದ ಚರ್ಮಕ್ಕೆ ರಕ್ತ ಹೋಗದೆ ಅಂಚು ಕಪ್ಪಾಗಿ ಸಾಯುತ್ತದೆ. ಕನಿಷ್ಠ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆಮೇಲೆ. ನಮ್ಮ ಕಡೆ ಹೆಂಗಸರು ಕಡ್ಡಿಪುಡಿ ಹಾಕುವುದನ್ನು ಡಾಕ್ಟರ ಮುಂದೆ ಹೇಳುವುದಿಲ್ಲ. ನಾಚಿಕೆ ಬಿಟ್ಟು ಹೇಳಿ.

ಶುಗರ್ ಇದ್ದರೆ ಅದು ಹತೋಟಿಗೆ ಬಂದ ಮೇಲೆಯೇ. ರಕ್ತ ತೆಳು ಮಾಡುವ ಮಾತ್ರೆ, ಆಯುರ್ವೇದದ ಕಷಾಯ, ಅಂಗಡಿಯಿಂದ ತಂದ ನೋವಿನ ಗುಳಿಗೆ, ಎಲ್ಲದರ ಪಟ್ಟಿ ಕೊಡಿ. ಯಾವುದನ್ನು ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ, ನೀವಾಗಿ ನಿಲ್ಲಿಸಬೇಡಿ. ಹಿಂದೆ ಗಾಯವಾದಲ್ಲಿ, ಕಿವಿ ಚುಚ್ಚಿದಲ್ಲಿ ಗಂಟು ಗಂಟಾಗಿ ಬೆಳೆದಿದ್ದರೆ ಅದನ್ನು ತೋರಿಸಿ. ಅದು ಕೀಲಾಯ್ಡ್. ಅಂಥ ಮೈಯವರಿಗೆ ಹೊಸ ಗಾಯವೂ ಹಾಗೇ ಬೆಳೆಯಬಹುದು.

ಕಾಲ ನೋಡಿ ತಾರೀಖು ಇಡಿ. ಹೊಟ್ಟೆಗೆ, ಎದೆಗೆ ಆಪರೇಷನ್ ಆದರೆ ಬಿಗಿ ಬೆಲ್ಟನ್ನು ಸುಮಾರು ಆರು ವಾರ ಹಗಲೂ ರಾತ್ರಿ ಹಾಕಬೇಕು. ರಾಯಚೂರಿನ ಏಪ್ರಿಲ್, ಮೇ ಬಿಸಿಲಲ್ಲಿ ಅದನ್ನು ಹಾಕಿ ನೋಡಿ, ಅದರಲ್ಲೂ ಕರೆಂಟ್ ಹೋದ ಮಧ್ಯಾಹ್ನ! ನಾನು ಡಿಸೆಂಬರ್‌ನಲ್ಲಿ ಮಾಡಿಸಿದೆ. ಬೆಲ್ಟು ಎರಡು ತಗೊಳ್ಳಿ, ಒಂದು ಒಗೆದಾಗ ಇನ್ನೊಂದು. ಮಗಳ ಮದುವೆಗೆ ಚೆನ್ನಾಗಿ ಕಾಣಬೇಕು ಅಂತ ಒಂದು ತಿಂಗಳ ಮುಂಚೆ ಮಾಡಿಸುವವರಿದ್ದಾರೆ. ಬಾವು ಇಳಿಯಲೇ ಮೂರು ತಿಂಗಳು ಬೇಕು. ಮದುವೆ ಮುಗಿಸಿ ಮಾಡಿಸಿ.

ಮನೆಯಲ್ಲಿ ಮಂಚ ಇರಬೇಕು, ನೆಲದ ಮೇಲೆ ಮಲಗಿ ಏಳಲು ಆಗುವುದಿಲ್ಲ. ಕುಕ್ಕರಗಾಲಲ್ಲಿ ಕೂರುವ ಸಂಡಾಸಿದ್ದರೆ ಕಮೋಡ್ ಕುರ್ಚಿ ತಂದಿಟ್ಟುಕೊಳ್ಳಿ. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಇದನ್ನು ಯಾವ ಡಾಕ್ಟರೂ ಹೇಳುವುದಿಲ್ಲ. ಅವರ ಮನೆಯಲ್ಲಿ ಎಲ್ಲ ಕಮೋಡೇ ಇರುತ್ತದಲ್ವಾ? ಬಿಂದಿಗೆ, ಸಿಲಿಂಡರ್, ಮಗು, ಯಾವುದನ್ನೂ ಆರು ವಾರ ಎತ್ತುವ ಹಾಗಿಲ್ಲ. ನನ್ನ ನೆಗೆಣ್ಣಿ ಬಂದು ಇದ್ದಳು. ಇಂಥವರೊಬ್ಬರು ಸಿಗದಿದ್ದರೆ ತಾರೀಖು ಮುಂದೆ ಹಾಕಿ.

ಆಮೇಲಿನ ದಿನಗಳು

ಮೊದಲ ವಾರ ನೆಟ್ಟಗೆ ನಿಲ್ಲಲು ಆಗಲಿಲ್ಲ. ಸೊಂಟ ಬಗ್ಗಿಸಿಕೊಂಡೇ ಓಡಾಡಬೇಕು, ಮೊಣಕಾಲ ಕೆಳಗೆ ದಿಂಬು ಇಟ್ಟು ಅರ್ಧ ಕೂತ ಹಾಗೆ ಮಲಗಬೇಕು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು. ಪಕ್ಕದಿಂದ ಎರಡು ಡ್ರೈನ್ ಪೈಪ್ ಬಂದಿದ್ದವು, ತುದಿಯಲ್ಲಿ ಹಿಚುಕುವ ಬುರುಡೆ. ದಿನಾ ಬೆಳಿಗ್ಗೆ ನೆಗೆಣ್ಣಿ ಅದನ್ನು ಬಿಚ್ಚಿ, ಅಳತೆಯ ಲೋಟಕ್ಕೆ ಸುರಿದು, ಎಷ್ಟು ಎಂಎಲ್ ಅಂತ ಹೇಳುವಳು. ನಾನು ನೋಟ್‌ಬುಕ್ಕಿನಲ್ಲಿ ಎಡಗಡೆ, ಬಲಗಡೆ ಅಂತ ಎರಡು ಕಾಲಂ ಹಾಕಿ ಬರೆಯುವೆ. ಮೊದಲು ರಕ್ತದ ಬಣ್ಣ, ಆಮೇಲೆ ತಿಳಿ ಗುಲಾಬಿ, ಆಮೇಲೆ ಹುಲ್ಲಿನ ಬಣ್ಣ. ದಿನಕ್ಕೆ 30 ಎಂಎಲ್‌ಗಿಂತ ಕಡಿಮೆ ಆದ ಮೇಲೆ ತೆಗೆಯುತ್ತೇವೆ ಅಂದಿದ್ದರು. ಅಲ್ಲಿಯವರೆಗೂ ಆಸ್ಪತ್ರೆಯ ಹತ್ತಿರವೇ ರೂಮು ಮಾಡಿ ಇದ್ದೆವು. ಡಿಸ್ಚಾರ್ಜ್ ಆದ ದಿನವೇ ಬಸ್ಸು ಹತ್ತಬೇಡಿ. ಹೊರಟ ಮೇಲೂ ತಾಸಿಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಿರಿ, ಕಾಲಿನಲ್ಲಿ ರಕ್ತ ಕಟ್ಟದ ಹಾಗೆ. ಬಳ್ಳಾರಿ, ಕೊಪ್ಪಳದವರು ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬರುವುದಾದರೆ ಕೆಳಗಿನ ಬರ್ತನ್ನೇ ಕೇಳಿ ಬುಕ್ ಮಾಡಿ.

ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು, ಉಸಿರು ಸಿಕ್ಕದಿರುವುದು, ಎದೆ ನೋವು, ಇವು ಬಂದರೆ ಯಾರ ಫೋನಿಗೂ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಚಳಿಜ್ವರ, ಹೊಲಿಗೆಯಿಂದ ಕೀವು, ಒಂದೇ ಕಡೆ ದಿಢೀರ್ ಬಾವು, ಚರ್ಮ ಕಪ್ಪಾಗುವುದು ಕಂಡರೆ ಡಾಕ್ಟರ್‌ಗೆ ಕೂಡಲೇ ಫೋನ್ ಮಾಡಿ.

ಮನಸ್ಸಿನ ಮಾತೂ ಹೇಳಬೇಕು. ಎರಡನೇ ವಾರ ಸುಮ್ಮಸುಮ್ಮನೆ ಅಳು ಬರುತ್ತದೆ. ಹೊಟ್ಟೆ ಊದಿ ಮೊದಲಿಗಿಂತ ದಪ್ಪ ಕಾಣುತ್ತದೆ, ದುಡ್ಡು ಹಾಳಾಯಿತು ಅನ್ನಿಸುತ್ತದೆ. ನಮ್ಮ ಅತ್ತೆ ಬಾಗಿಲಲ್ಲಿ ನಿಂತು, "ಚಂದ ಕಾಣಾಕ ಹೊಟ್ಟಿ ಕೊಯ್ಸ್ಕೊಂತಾರೇನವ್ವಾ?" ಅಂದರು. ಅಂದವರೇ ಒಳಗೆ ಹೋಗಿ ಸಜ್ಜಕ ಮಾಡಿ ತಂದರು. ಯಾರಾದರೂ ಕೇಳಿದರೆ "ಹೊಟ್ಟೆ ಆಪರೇಷನ್" ಅನ್ನಿ, ಸುಳ್ಳೇನೂ ಅಲ್ಲ.

ಕಿವಿಯ ವಿಷಯ ಬೇರೆಯಾಗಿ

ನಮ್ಮ ಕಡೆ ಅತಿ ಹೆಚ್ಚು ಬೇಕಾಗುವುದು ಇದೇ. ಹರಿದ ಕಿವಿ ಹೊಲಿಯುವುದಕ್ಕೆ ಹೈದರಾಬಾದು ಬೇಡ. ಆ ಜಾಗಕ್ಕೆ ಮಾತ್ರ ಇಂಜೆಕ್ಷನ್ ಕೊಟ್ಟು, ಹರಿದ ಅಂಚನ್ನು ಸ್ವಲ್ಪ ಕತ್ತರಿಸಿ ಹಸಿ ಮಾಡಿ ಹೊಲಿಯುತ್ತಾರೆ. ಅದೇ ದಿನ ಮನೆಗೆ. ಬ್ಯೂಟಿ ಪಾರ್ಲರಿನಲ್ಲಿ ಏನೋ ದ್ರಾವಣ ಹಚ್ಚಿ ಅಂಟಿಸುತ್ತಾರೆ ಅಂತ ಹೋಗಬೇಡಿ. ಅದು ಚರ್ಮ ಸುಡುವ ಆಸಿಡ್. ಹೊಲಿಸಿದ ಮೇಲೆ ಮೂರು ತಿಂಗಳಾದರೂ ಬಿಟ್ಟು, ಹಳೆಯ ಗೆರೆಯ ಮೇಲೆ ಅಲ್ಲ, ಪಕ್ಕದಲ್ಲಿ ಚುಚ್ಚಿಸಿ. ಆಮೇಲೆ ಮತ್ತೆ ಅದೇ ಬೆಂಡೋಲೆ ಹಾಕಿದರೆ ಮತ್ತೆ ಹರಿಯುತ್ತದೆ. ಅಜ್ಜಿಗೆ ಹೇಳಿದ್ದೇನೆ, ಕೇಳುವ ನಂಬಿಕೆ ಇಲ್ಲ.

ಕೆಟ್ಟರೆ

ಮೊದಲು ಅದೇ ಡಾಕ್ಟರ್ ಹತ್ತಿರ ಹೋಗಿ. ಸಿಟ್ಟಿನಲ್ಲಿ ಬೇರೆಯವರ ಹತ್ತಿರ ಕತ್ತರಿ ಹಾಕಿಸಬೇಡಿ. ಒಳಗೆ ಏನು ಮಾಡಿದ್ದಾರೆ ಅನ್ನುವುದು ಮಾಡಿದವರಿಗೇ ಗೊತ್ತು. ಗೆರೆ ಓರೆಯಾಗಿದ್ದರೆ, ಉಬ್ಬು ಉಳಿದಿದ್ದರೆ ಆರು ತಿಂಗಳು, ವರ್ಷ ಕಾಯಲು ಹೇಳುವುದು ತಪ್ಪಿಸಿಕೊಳ್ಳುವ ನೆಪವೇ ಆಗಿರಬೇಕಿಲ್ಲ. ಹೊಸ ಗಾಯ ಮೆತ್ತಗಾಗಲು ಅಷ್ಟು ಕಾಲ ಬೇಕು. ಫೋನೇ ಎತ್ತುತ್ತಿಲ್ಲ, ದಾಖಲೆ ಕೊಡುತ್ತಿಲ್ಲ ಅಂದಾಗ ಮುಂದಿನ ಹೆಜ್ಜೆ.

ದಾಖಲೆಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಕೇಳಿದ 72 ತಾಸಿನೊಳಗೆ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮದಲ್ಲೇ ಇದೆ. ಆಪರೇಷನ್ ನೋಟ್ಸ್, ಅನಸ್ತೇಶಿಯಾ ಹಾಳೆ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲು, ಎಲ್ಲವೂ. ಡಾಕ್ಟರ ನಡತೆಯ ಮೇಲಿನ ದೂರು ಅವರು ನೋಂದಾಯಿಸಿದ ರಾಜ್ಯದ ಮೆಡಿಕಲ್ ಕೌನ್ಸಿಲ್‌ಗೆ ಹೋಗಬೇಕು. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, ಎರಡು ವರ್ಷದೊಳಗೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಹೊಸ ಕಾಯ್ದೆಯಲ್ಲಿ ನಮಗೆ ಒಂದು ಅನುಕೂಲ ಆಗಿದೆ: ದೂರು ಕೊಡುವವರು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು. ಆಪರೇಷನ್ ಹೈದರಾಬಾದಿನಲ್ಲಿ ಆಗಿದ್ದರೂ ಸಿಂಧನೂರಿನವರು ರಾಯಚೂರಿನ ಆಯೋಗಕ್ಕೆ ಹೋದರೆ ಸಾಕು.